ಗೋಥೆನ್‌ಬರ್ಗಿನ ‘ದು’, ದಾವಣಗೆರೆಯ ‘ನೀನು’

ಕಳೆದ ತಿಂಗಳು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿರುವ ನಮ್ಮ ಕಚೇರಿಗೆ ವಿಶ್ವವಿದ್ಯಾಲಯವೊಂದರ ಸಂಶೋಧಕರು ಬಂದು ಒಂದು ಪ್ರಶ್ನಾವಳಿಯನ್ನು ಹಂಚಿದರು. ಕೆಲಸದ ಜಾಗದಲ್ಲಿ ನಿಮಗೆ ಗೌರವ ಸಿಗುತ್ತದೆಯೇ, ಇಲ್ಲಿ ನಾನೂ ಒಬ್ಬ ಎಂಬ ಭಾವನೆ ನಿಮ್ಮಲ್ಲಿದೆಯೇ ಎಂಬುದು ಅದರ ಒಟ್ಟು ವಿಷಯ. ಕಳೆದ ಆರು ತಿಂಗಳಲ್ಲಿ ಯಾರಾದರೂ ನಿಮ್ಮ ಮಾತನ್ನು ಪದೇಪದೇ ತಡೆದಿದ್ದಾರೆಯೇ, ನೀವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನಡೆದುಕೊಂಡಿದ್ದಾರೆಯೇ ಎಂಬಂಥ ಪ್ರಶ್ನೆಗಳು. ನಾನು ಕಾಫಿ ಕುಡಿಯುತ್ತಲೇ ಹೆಚ್ಚಿನವಕ್ಕೆ ‘ಇಲ್ಲ’ ಎಂದು ಗುರುತು ಹಾಕಿ ಮುಗಿಸಿದೆ. ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಅದನ್ನೇ ಸ್ವಲ್ಪ ಹೆಮ್ಮೆಯಿಂದ ಹೇಳಿಕೊಂಡೆ. ಇಂಥ ಸೂಕ್ಷ್ಮಗಳನ್ನೂ ಕೇಳುವ ದೇಶದಲ್ಲಿದ್ದೇವೆ ನೋಡಿ ಎಂದೆ.

ಹನ್ನೊಂದು ವರ್ಷದ ಮಗಳು ತಟ್ಟೆಯಿಂದ ತಲೆಯೆತ್ತದೆ ಕೇಳಿದಳು: “ಅಪ್ಪ, ದಾವಣಗೆರೆ ಅಜ್ಜಿ ಮನೆಗೆ ಪಾತ್ರೆ ತೊಳೆಯೋಕೆ ಬರ್ತಾರಲ್ಲ, ಅವರಿಗೆ ಈ ಪೇಪರ್ ಕೊಟ್ಟರೆ ಏನು ಬರೀತಾರೆ? ಅವರು ನಿನಗೆ ‘ನೀವು’ ಅಂತಾರೆ, ನೀನು ಅವರಿಗೆ ‘ನೀನು’ ಅಂತೀಯ. ಅವರೇ ಅಲ್ವಾ ದೊಡ್ಡವರು?”

ಅದು ಸಲಿಗೆ, ಪ್ರೀತಿಯ ಮಾತು, ಅಜ್ಜಿಗೂ ನಾನು ‘ನೀನು’ ಅಂತಲೇ ಅನ್ನುತ್ತೇನಲ್ಲ ಎಂದು ಸಮಜಾಯಿಷಿ ಕೊಟ್ಟೆ.

“ಅಜ್ಜಿನೂ ನಿನಗೆ ‘ನೀನು’ ಅಂತಾರಲ್ಲ,” ಎಂದು ಹೇಳಿ ಅವಳು ಮೊಸರಿನ ಬಟ್ಟಲನ್ನು ತನ್ನತ್ತ ಎಳೆದುಕೊಂಡಳು.

ಇಷ್ಟೇ ಮಾತನ್ನು ಅಮೆರಿಕದ ಇಬ್ಬರು ವಿದ್ವಾಂಸರು, ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್, 1960ರಲ್ಲಿ ಒಂದು ದೀರ್ಘ ಪ್ರಬಂಧವಾಗಿ ಬರೆದಿದ್ದಾರೆ ಎಂಬುದನ್ನು ನಾನು ಓದಿಕೊಂಡಿದ್ದು ಆ ರಾತ್ರಿಯ ನಂತರ. ‘ನೀನು’ ಮತ್ತು ‘ನೀವು’ ಎಂಬ ಎರಡು ರೂಪಗಳಿರುವ ಭಾಷೆಗಳಲ್ಲಿ ಯಾವ ಪದ ಗೌರವದ್ದು, ಯಾವುದು ಅಗೌರವದ್ದು ಎಂದು ಪದವನ್ನಷ್ಟೇ ನೋಡಿ ಹೇಳಲಾಗದು. ಅದು ಎರಡೂ ಕಡೆಯಿಂದ ಒಂದೇ ಆಗಿದ್ದರೆ ಅಲ್ಲಿ ಆಪ್ತತೆಯೋ ಸಮಾನರ ನಡುವಿನ ಮರ್ಯಾದೆಯೋ ಇರುತ್ತದೆ, ಒಬ್ಬರಿಂದ ‘ನೀನು’ ಹೋಗಿ ಇನ್ನೊಬ್ಬರಿಂದ ‘ನೀವು’ ಬಂದರೆ ಅಲ್ಲಿರುವುದು ಅಧಿಕಾರ ಎಂಬುದು ಅವರ ವಾದದ ತಿರುಳು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಚನಕಾರರು ದೇವರನ್ನೇ ಏಕವಚನದಲ್ಲಿ ಮಾತನಾಡಿಸಿದ ಭಾಷೆ ನಮ್ಮದು. ಕಚೇರಿಯ ಜವಾನನನ್ನು ಕರೆಯಲೂ ಅದೇ ಏಕವಚನವನ್ನು ಬಳಸುವ ಭಾಷೆಯೂ ನಮ್ಮದೇ.

ಪ್ರಶ್ನಾವಳಿಯ ಸಾಲುಗಳನ್ನು ಮೇಲೆ ಕನ್ನಡಿಸಿ ಬರೆಯುವಾಗ ಕೈ ತಾನಾಗಿಯೇ ‘ನೀವು’ ಎಂದು ಬರೆಯಿತು. ಮೂಲದಲ್ಲಿದ್ದದ್ದು ‘ದು’, ಅಂದರೆ ನೀನು. ಇಲ್ಲಿ ಮಂತ್ರಿಗೂ ‘ದು’, ವೈದ್ಯರಿಗೂ ‘ದು’, ಬಸ್ಸಿನ ಚಾಲಕರಿಗೂ ‘ದು’. ಬಹುವಚನವೂ ಇವರಲ್ಲಿ ಉಂಟು, ಅದು ‘ನಿ’. ನಮ್ಮ ಕಿವಿಗೆ ಏಕವಚನದ ‘ನೀ’ ಎಂದೇ ಕೇಳಿಸುವುದರಿಂದ ಹೊಸದರಲ್ಲಿ ನನಗೆ ಆದ ಗೊಂದಲ ಅಷ್ಟಿಷ್ಟಲ್ಲ. ಆದರೆ ಸ್ವೀಡನ್ ಮೊದಲಿನಿಂದ ಹೀಗಿರಲಿಲ್ಲ. ಅರವತ್ತರ ದಶಕದವರೆಗೂ ಇಲ್ಲಿ ಹುದ್ದೆಯನ್ನೇ ಹೆಸರಾಗಿಸಿ, ಎದುರಿಗೆ ಕುಳಿತವರನ್ನೇ “ನಿರ್ದೇಶಕರು ಕಾಫಿ ಕುಡಿಯುತ್ತಾರೆಯೇ” ಎಂದು ಪ್ರಥಮ ಪುರುಷದಲ್ಲಿ ಕೇಳುವ ಪದ್ಧತಿಯಿತ್ತು. 1967ರಲ್ಲಿ ಬ್ರೋರ್ ರೆಕ್ಸೆಡ್ ಎಂಬವರು ಸರ್ಕಾರದ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿ ಬಂದಾಗ, ತಾನು ಎಲ್ಲ ನೌಕರರನ್ನೂ ‘ದು’ ಎಂದೇ ಕರೆಯುವೆ, ತನ್ನನ್ನೂ ಹಾಗೆಯೇ ಕರೆಯಬೇಕು ಎಂದು ತಿಳಿಸಿದರು. ಬದಲಾವಣೆಯ ಗಾಳಿ ಅದಕ್ಕೂ ಮೊದಲೇ ಬೀಸತೊಡಗಿತ್ತಾದರೂ ಜನ ನೆನಪಿಟ್ಟುಕೊಂಡದ್ದು ಅವರ ಹೆಸರನ್ನೇ. ಬ್ರೌನ್ ಮತ್ತು ಗಿಲ್ಮನ್ ಹೇಳುವ ಇನ್ನೊಂದು ಮಾತು ಇಲ್ಲಿ ಕೂಡಿಬರುತ್ತದೆ: ಇನ್ನು ಮುಂದೆ ಇಬ್ಬರೂ ‘ನೀನು’ ಎನ್ನೋಣ ಎಂಬ ಸೂಚನೆ ಹಿರಿಯರಿಂದ, ಉಳ್ಳವರಿಂದ, ಮೇಲಿನವರಿಂದ ಬರಬೇಕು, ಕೆಳಗಿನವರು ಅದನ್ನು ಮೊದಲಾಗಿ ಹೇಳುವಂತಿಲ್ಲ.

ಪ್ರಶ್ನಾವಳಿಗೂ ಒಂದು ವಂಶಾವಳಿಯಿದೆ. ಜರ್ಮನಿಯಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲೆಸಿದ ಹೈನ್ಸ್ ಲೇಮನ್ ಎಂಬ ಮನೋವಿಜ್ಞಾನಿ 1980ರ ದಶಕದಲ್ಲಿ, ಸಹೋದ್ಯೋಗಿಗಳೆಲ್ಲ ಸೇರಿ ಒಬ್ಬರನ್ನು ಮೂಲೆಗೊತ್ತುವ ನಡವಳಿಕೆಯನ್ನು ಅಧ್ಯಯನ ಮಾಡಿ, ಅದನ್ನು 45 ಬಗೆಯ ವರ್ತನೆಗಳಾಗಿ ಪಟ್ಟಿ ಮಾಡಿದರು. ಬೈಗುಳ, ಬೆದರಿಕೆಗಳ ಜೊತೆಗೆ ಮಾತು ಬಿಡುವುದು, ಕಂಡೂ ಕಾಣದಂತೆ ಇರುವುದು, ಯೋಗ್ಯತೆಗೆ ತೀರ ಕೆಳಗಿನ ಕೆಲಸ ಕೊಡುವುದು ಮುಂತಾದ ಸದ್ದಿಲ್ಲದ ಹಿಂಸೆಗಳೂ ಆ ಪಟ್ಟಿಯಲ್ಲಿದ್ದವು. ವಾರಕ್ಕೆ ಒಮ್ಮೆಯಾದರೂ, ಕನಿಷ್ಠ ಆರು ತಿಂಗಳ ಕಾಲ ನಡೆದರೆ ಮಾತ್ರ ಲೆಕ್ಕ ಎಂಬುದು ಅವರ ಅಳತೆ. ಆ ಲೆಕ್ಕದಲ್ಲಿ ಆಗಿನ ಸ್ವೀಡನ್ನಿನ ದುಡಿಯುವವರಲ್ಲಿ ಶೇ. 3.5ರಷ್ಟು ಜನ ಇದಕ್ಕೆ ಸಿಕ್ಕಿದ್ದರು. 1993ರಲ್ಲಿ ಸ್ವೀಡನ್ ಇಂಥ ನಡವಳಿಕೆಯನ್ನು ತಡೆಯುವುದು ಮಾಲೀಕರ ಹೊಣೆ ಎಂಬ ನಿಯಮವನ್ನೇ ಹೊರಡಿಸಿತು. ಅದರ ಸ್ವೀಡಿಶ್ ಹೆಸರನ್ನು ‘ನೋಯಿಸುವ ಭೇದಭಾವ’ ಎಂದು ಕನ್ನಡಿಸಬಹುದೇನೋ. ಮನಸ್ಸಿಗೆ ಆಗುವ ನೋವನ್ನು ಎಣಿಸಬಹುದು, ಎಣಿಸಿದ ಮೇಲೆ ಅದಕ್ಕೆ ಯಾರನ್ನಾದರೂ ಹೊಣೆ ಮಾಡಬಹುದು ಎಂಬ ವಿಚಾರ ಹೊಳೆದದ್ದೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಹಾಗೆಂದು ಇದು ಸ್ವರ್ಗವಲ್ಲ. ‘ದು’ ಎನ್ನುವ ಈ ನಾಡಿನಲ್ಲೇ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಡಾನ್-ಓಲೋಫ್ ರೂತ್ ಎಂಬ ಅರ್ಥಶಾಸ್ತ್ರಜ್ಞರು ಒಂದೇ ಅರ್ಹತೆಯ ಅರ್ಜಿಗಳನ್ನು ಸ್ವೀಡಿಶ್ ಹೆಸರಿನಲ್ಲೂ ಮಧ್ಯಪ್ರಾಚ್ಯದ ಹೆಸರಿನಲ್ಲೂ ಕಳುಹಿಸಿ ನೋಡಿದರು. ಸ್ವೀಡಿಶ್ ಹೆಸರಿನವರಿಗೆ ಸಂದರ್ಶನದ ಕರೆ ಸುಮಾರು ಶೇ. 50ರಷ್ಟು ಹೆಚ್ಚು ಬಂದಿತೆಂದು 2007ರಲ್ಲಿ ಪ್ರಕಟಿಸಿದರು. ಅದೇ 2007ರಲ್ಲಿ, ನಮ್ಮಲ್ಲಿ ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳಿಗೆ ಇದೇ ರೀತಿ ಅರ್ಜಿ ಕಳುಹಿಸಿದ ಅಧ್ಯಯನವೂ ಬೆಳಕು ಕಂಡಿತು: ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಂಭವ 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ, ಇಲ್ಲಿ ನನ್ನ ಹೆಸರು ನನಗೆ ಎಷ್ಟು ಅಡ್ಡಿಯಾಗಿರಬಹುದು ಎಂದು ಯೋಚಿಸಿದ ನಾನು, ಅಲ್ಲಿ ಅದೇ ಹೆಸರು ನನಗೆ ಎಷ್ಟು ದಾರಿ ಬಿಟ್ಟುಕೊಟ್ಟಿತ್ತು ಎಂದು ಅದುವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.

ನಮ್ಮ ಮಹಡಿಯನ್ನು ಶುಚಿ ಮಾಡುವವರು ಗುತ್ತಿಗೆ ಸಂಸ್ಥೆಯೊಂದರ ಮಹಿಳೆ. ನಾವು ಬರುವ ಮುಂಚೆಯೇ ಅವರ ಕೆಲಸ ಮುಗಿದಿರುತ್ತದೆ, ಹತ್ತು ಗಂಟೆಯ ಕಾಫಿಯ ಮೇಜಿನಲ್ಲಿ ಅವರು ಇರುವುದಿಲ್ಲ. ಪ್ರಶ್ನಾವಳಿ ಅವರಿಗೆ ತಲುಪಿತೇ ಎಂದು ಮರುದಿನ ವಿಚಾರಿಸಿದೆ. ಅವರು ನಮ್ಮ ಸಂಸ್ಥೆಯ ನೌಕರರ ಪಟ್ಟಿಯಲ್ಲಿಲ್ಲ ಎಂಬ ಉತ್ತರ ಬಂತು. ಉತ್ತರ ಕೊಟ್ಟವರು ಒಳ್ಳೆಯವರೇ. ಒಂದು ಕ್ಷಣ ಬಿಟ್ಟು ತಾವೇ ಮುಖ ಸಣ್ಣದು ಮಾಡಿಕೊಂಡರು.

ದಾವಣಗೆರೆಯ ನಮ್ಮ ಮನೆಗೆ ಕೆಲಸಕ್ಕೆ ಬರುವವರ ವಿಷಯವನ್ನು ಬರೆಯಲು ಹೊರಟಾಗ ಮೊದಲು ಬರೆದದ್ದು ‘ಬರುವವಳು’ ಎಂದು. ಹೊಡೆದುಹಾಕಿ ತಿದ್ದಿದ್ದೇನೆ. ನನಗೆ ಏಳೆಂಟು ವರ್ಷವಿದ್ದಾಗಿನಿಂದ ಅವರು ಬರುತ್ತಿದ್ದಾರೆ. ಆಗ ಅವರು ನನ್ನನ್ನು ‘ಬಾರೋ’, ‘ಹೋಗೋ’ ಎಂದೇ ಕರೆಯುತ್ತಿದ್ದರು, ಒದ್ದೆ ನೆಲದ ಮೇಲೆ ಓಡಿದರೆ ಗದರುತ್ತಿದ್ದರು. ಯಾವಾಗ ಅದು ‘ಬರ್ರಿ’, ‘ಹೋಗ್ರಿ’ ಆಯಿತೋ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ನಾನು ಎಂಜಿನಿಯರಿಂಗ್ ಸೇರಿದ ವರ್ಷವಿರಬೇಕು. ಹಾಗೆ ಕರೆಯಬೇಕೆಂದು ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹಿತ್ತಲ ಬಾಗಿಲಿನ ಗೂಡಿನಲ್ಲಿ ಕವುಚಿಟ್ಟಿರುತ್ತಿದ್ದ ಅವರ ಚಹಾದ ಲೋಟ ಈಗಲೂ ಅಲ್ಲಿಯೇ ಇದೆ. ಲೇಮನ್ ಅವರ ಪಟ್ಟಿಯ ಅಳತೆ ವಾರಕ್ಕೊಮ್ಮೆ, ಆರು ತಿಂಗಳು. ಆ ಲೋಟ ದಿನಕ್ಕೆ ಎರಡು ಸಲದಂತೆ ಮೂವತ್ತು ವರ್ಷ ದಾಟಿದೆ.

ಮನೆಯೂ ಕೆಲಸದ ಜಾಗವೇ ಎಂಬುದು ನಮ್ಮ ಕಾನೂನಿಗೆ ತಿಳಿಯದ ಸಂಗತಿಯಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ, ವಾಸದ ಮನೆಯನ್ನೂ ಆ ಸ್ಥಳಗಳ ಸಾಲಿಗೆ ಸೇರಿಸಿದೆ. ಆದರೆ ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆಗೆ ಭಾರತ ಅಂದು ಪರವಾಗಿ ಮತ ಹಾಕಿದ್ದರೂ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ದೆಹಲಿಯ ಮಾತು ಹಾಗಿರಲಿ, ನಮ್ಮ ಹಿತ್ತಲಿಗೆ ಅದರ ಸುದ್ದಿಯೇ ಬಂದಿಲ್ಲ.

ಹೋದ ಭಾನುವಾರ ಅಮ್ಮನ ಜೊತೆ ವಿಡಿಯೊ ಕರೆಯಲ್ಲಿದ್ದಾಗ ಹಿಂದುಗಡೆ ಅವರು ನೆಲ ಒರೆಸುತ್ತಿದ್ದರು. ಫೋನನ್ನು ಅವರ ಕೈಗೆ ಕೊಡು ಎಂದೆ. ಎರಡು ದಿನ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದನ್ನು ಹೇಳಿದೆ: “ಹೇಗಿದ್ದೀರಿ? ಮಂಡಿ ನೋವು ಕಡಿಮೆ ಆಯ್ತಾ ನಿಮಗೆ?”

ಅವರು ಉತ್ತರಿಸಲಿಲ್ಲ. ಅಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಯಾಕ್ರವ್ವ, ನನ್ ಮ್ಯಾಲೆ ಏನಾರ ಸಿಟ್ಟಾಗ್ಯಾರೇನು?”

ಅಮ್ಮ ನಕ್ಕುಬಿಟ್ಟಳು. ನನಗೆ ನಗಲಾಗಲಿಲ್ಲ. ಇಷ್ಟು ವರ್ಷದ ಸಲಿಗೆಯ ಮಧ್ಯೆ ಇದ್ದಕ್ಕಿದ್ದಂತೆ ಬಂದ ಬಹುವಚನ ಮುನಿಸಿನ ಗುರುತು ಎಂಬುದು ಕನ್ನಡದ ಮಗುವಿಗೂ ಗೊತ್ತು, ಅದು ನನಗೇ ಹೊಳೆದಿರಲಿಲ್ಲ. ಸಿಟ್ಟಿಲ್ಲ, ಖಂಡಿತ ಇಲ್ಲ ಎಂದು ಸಮಾಧಾನ ಹೇಳಿ, ಹಾಗಾದರೆ ಚಿಕ್ಕವನಿದ್ದಾಗ ಅನ್ನುತ್ತಿದ್ದ ಹಾಗೆ ನನ್ನನ್ನು ‘ಬಾರೋ’ ಎಂದೇ ಕರೆಯಬೇಕು, ಆಗ ನಾನೂ ‘ನೀನು’ ಅನ್ನುತ್ತೇನೆ ಎಂದು ಕೇಳಿಕೊಂಡೆ. ಮಗಳು ನನ್ನ ಭುಜದ ಹಿಂದಿನಿಂದ ಇಣುಕಿ ನೋಡುತ್ತಿದ್ದಳು. ಅವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ನಕ್ಕರು.

“ಆತು ಬಿಡ್ರಿ, ನೀವ್ ಹೇಳಿದ್ ಮ್ಯಾಲೆ ಹಂಗೇ ಕರೀತೀನಿ,” ಎಂದರು.