ಲಕ್ಷ್ಮೇಶ್ವರದ ಬಸ್ ಹೊರಡುವ ಮೊದಲು

ಮಂಗಳವಾರ ಗದಗ ಬಸ್ ನಿಲ್ದಾಣದಲ್ಲಿ ನಡೆದದ್ದನ್ನು ಮನೆಯಲ್ಲಿ ಹೇಳಿದೆ, ಆಫೀಸಿನಲ್ಲಿ ಹೇಳಿದೆ, ತಂಗಿಗೆ ಫೋನ್ ಮಾಡಿಯೂ ಹೇಳಿದೆ. ಕೇಳಿದವರೆಲ್ಲ ಕೊನೆಗೆ ಒಂದೇ ಪ್ರಶ್ನೆಗೆ ಬರುತ್ತಾರೆ. ತಪ್ಪು ಮೊಬೈಲಿನದೋ, ಹೆತ್ತವರದೋ? ತಂಗಿ ಮೊಬೈಲ್ ಅಂತಾಳೆ. ಆಫೀಸಿನ ಹಿರಿಯರೊಬ್ಬರು ಹೆತ್ತವರೇ ಅಂತಾರೆ. ನನಗೆ ಮಾತ್ರ ಆ ತಂದೆ ಯಾರ ಕಡೆ ಮುಖ ಮಾಡಿ ನಿಂತಿದ್ದ ಅನ್ನೋದೇ ತಲೆಯಿಂದ ಹೋಗುತ್ತಿಲ್ಲ.

ಬೆಂಚಿನ ಮೇಲೆ ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ಕೂತಿದ್ದ. ಕಣ್ಣು ಕಾಣುವುದಿಲ್ಲ. ಕಾಲ ಹತ್ತಿರ ತಬಲಾ ಇಟ್ಟ ಚೀಲ, ಬೆಂಚಿಗೆ ಒರಗಿಸಿದ ಬಿಳಿ ಕೋಲು. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಹುಡುಗ ಅಂತ ಗದಗಿನವರಿಗೆ ಯಾರೂ ಹೇಳಬೇಕಾಗಿಲ್ಲ. ಶ್ರಾವಣ ಬಂತೆಂದರೆ ಊರೂರಲ್ಲಿ ಪುರಾಣ ಶುರುವಾಗುತ್ತದೆ. ತಬಲಾ, ಹಾರ್ಮೋನಿಯಂ ಸಾಥಿಗೆ ಇಂಥ ಹುಡುಗರು ಹೊರಡುತ್ತಾರೆ. ಇವನೂ ಲಕ್ಷ್ಮೇಶ್ವರದ ಬಸ್ಸಿಗೆ ಕಾಯುತ್ತಿದ್ದ. ನಾನು ಹುಬ್ಬಳ್ಳಿ ಬಸ್ಸಿಗೆ.

ಹೈಸ್ಕೂಲಿನ ಮೂವರು ಹುಡುಗರು ಬಂದರು. ಒಬ್ಬ ಮೊಬೈಲ್ ಹಿಡಿದು ಎದುರಿಗೆ ನಿಂತ. ಇನ್ನೊಬ್ಬ ಸದ್ದಿಲ್ಲದೆ ಕೋಲನ್ನು ಎತ್ತಿ ಬೆಂಚಿನ ಆ ತುದಿಗೆ ಇಟ್ಟ. ಬಸ್ಸಿನ ಸದ್ದು ಕೇಳಿ ಯುವಕ ಎದ್ದು ಕೋಲಿಗೆ ಕೈ ಚಾಚಿದ. ಇಲ್ಲ. ತಡವರಿಸುತ್ತಾ ಆ ಕಡೆ ಸರಿದ. ಕೈಗೆ ಸಿಗಬೇಕು ಅನ್ನುವಷ್ಟರಲ್ಲಿ ಹುಡುಗ ಅದನ್ನು ಈ ಕಡೆಗೆ ತಂದ. ಮೊಬೈಲ್ ಹಿಡಿದವನು ನಗು ತಡೆದುಕೊಂಡು ನಿಂತಿದ್ದ. ಯುವಕ ಬಗ್ಗಿ ನೆಲ ಮುಟ್ಟಿ ಹುಡುಕತೊಡಗಿದ. ಆಗ ಕಡಲೆ ಮಾರುವ ಅಕ್ಕ ಬುಟ್ಟಿ ಬಿಟ್ಟು ಎದ್ದು ಬಂದವಳೇ ಮೊಬೈಲ್ ಕಸಿದುಕೊಂಡಳು. "ನಿಮ್ಮ ಮನ್ಯಾಗ ಯಾರಿಗೂ ಕಣ್ಣು ಹೋಗಾಂಗಿಲ್ಲೇನಲೇ? ನಾಳೆ ನಿನಗ ಹೋಗಾಂಗಿಲ್ಲೇನ?" ಅಂದಳು. ನಾನು ಇನ್ನೊಬ್ಬನ ಕೈಯಿಂದ ಕೋಲು ಇಸಿದುಕೊಂಡು ಯುವಕನ ಕೈಗೆ ಕೊಟ್ಟೆ. ಅವನ ಬೆರಳು ನಡುಗುತ್ತಿತ್ತು.

ಜನ ಸೇರಿದರು. ಕಂಟ್ರೋಲರ್ ಸಾಹೇಬರು ಬಂದರು. ಮೂರನೆಯವನು ಆಗಲೇ ಓಡಿಹೋಗಿದ್ದ. ಕೋಲು ಎತ್ತಿದ ಹುಡುಗನ ತಂದೆಯ ಅಂಗಡಿ ಹತ್ತಿರದಲ್ಲೇ ಇತ್ತಂತೆ, ಫೋನ್ ಮಾಡಿದ ಕೂಡಲೇ ಬಂದರು. ಒಳ್ಳೆಯ ಇಸ್ತ್ರಿ ಅಂಗಿ, ಹಣೆಗೆ ವಿಭೂತಿ, ಮಾತಿನಲ್ಲಿ ಮರ್ಯಾದೆ. ಬಂದವರೇ ಕಂಟ್ರೋಲರ್‌ಗೆ ಕೈ ಮುಗಿದರು. "ಏನ್ ಮಾಡೂದ್ರಿ ಸಾಹೇಬ್ರ, ಈ ಮೊಬೈಲ್ ಬಂದು ಹುಡುಗರು ಪೂರಾ ಕೆಟ್ಟು ಹೋದ್ವು ನೋಡ್ರಿ. ನಮ್ಮನ್ಯಾಗ ನಾವು ಇಂಥಾದ್ದು ಕಲಿಸಿಲ್ರಿ." ಆಮೇಲೆ ನನ್ನ ಕಡೆ ತಿರುಗಿ, "ತಪ್ಪಾತ್ರಿ ಅಕ್ಕಾರ" ಅಂದರು. ಕಡಲೆ ಅಕ್ಕನಿಗೂ ಕೈ ಮುಗಿದು ಮೊಬೈಲ್ ವಾಪಸ್ ಇಸಿದುಕೊಂಡರು. ಮಗನ ತಲೆಗೊಂದು ಏಟು ಹಾಕಿದರು, ಅದೂ ನಮಗೆಲ್ಲ ಕಾಣುವ ಹಾಗೆ.

ಯುವಕ ಅವರಿಗೆ ಕೈಯಳತೆ ದೂರದಲ್ಲಿದ್ದ. ದನಿ ಬಂದ ಕಡೆಗೆ ಮುಖ ಮಾಡಿ ಕೂತಿದ್ದ. ಈಗ ನನ್ನ ಸರದಿ, ಈಗ ನನಗೇನೋ ಹೇಳ್ತಾರೆ ಅಂತ ಕಾಯುವವರ ಮುಖ ಹೇಗಿರುತ್ತದೋ ಹಾಗಿತ್ತು. ತಂದೆ ಒಮ್ಮೆಯೂ ಅವನ ಕಡೆ ತಿರುಗಲಿಲ್ಲ. ಮಗನ ರಟ್ಟೆ ಹಿಡಿದು, "ನಡಿ ಮನಿಗೆ" ಅಂತ ಹೊರಟೇಬಿಟ್ಟರು. ಆಗ ಯುವಕನೇ ಅಂದ, "ಕೋಲು ಸಿಕ್ತಲ್ರಿ, ಬಿಡ್ರಿ. ಲಕ್ಷ್ಮೇಶ್ವರ ಬಸ್ ಎಲ್ಲಿ ನಿಂತೈತಿ ಹೇಳ್ರಿ."

ಅವರು ಕಂಟ್ರೋಲರ್‌ಗೆ ಕ್ಷಮೆ ಕೇಳಿದರು. ನನಗೆ ಕೇಳಿದರು, ಕಡಲೆ ಅಕ್ಕನಿಗೂ ಕೇಳಿದರು. ಯಾರ ಕೋಲು ಹೋಗಿತ್ತೋ ಅವನಿಗೆ ಕೇಳಲಿಲ್ಲ.

ಕೆಟ್ಟ ಮನುಷ್ಯ ಅಂತ ನನಗೇನೂ ಅನ್ನಿಸಲಿಲ್ಲ. ಮನೆಯಲ್ಲಿ ಹೆಂಡತಿಗೆ ನಿಜಕ್ಕೂ ನೋವಿನಿಂದಲೇ ಹೇಳಿಕೊಂಡಿರುತ್ತಾರೆ. ಅವರಿಗೆ ಚುಚ್ಚಿದ್ದು ಹತ್ತು ಜನರ ಮುಂದೆ ಹೋದ ಮಾನ. ಅದನ್ನು ಯಾರು ಕೊಡಬಲ್ಲರೋ ಅವರ ಹತ್ತಿರ ಹೋಗಿ ವಾಪಸ್ ಪಡೆದುಕೊಂಡರು. ಮಗ ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದ. ಕಾಣದವನ ಕೋಲು ಎತ್ತಿಟ್ಟು ನಗುವುದನ್ನು ಮೊಬೈಲ್ ಕಲಿಸಿರಬಹುದು, ಒಪ್ಪುತ್ತೇನೆ. ಆದರೆ ಆ ಮೇಲೆ ಯಾರಿಗೆ ಕೈ ಮುಗಿಯಬೇಕು, ಯಾರಿಗೆ ಮುಗಿಯದಿದ್ದರೂ ನಡೆಯುತ್ತದೆ ಅನ್ನೋದನ್ನು ಆ ದಿನ ಕಲಿಸಿದ್ದು ಮೊಬೈಲ್ ಅಲ್ಲ.

ಜನರ ಮಧ್ಯದಲ್ಲಿ ಯಾರೋ ಒಬ್ಬರು, "ಇವನ ತಾಯಿ ಏನ್ ಮಾಡ್ತಿದ್ಳು?" ಅಂತಲೂ ಕೇಳಿದರು. ತಂದೆ ಕಣ್ಣೆದುರಿಗೇ ನಿಂತಿದ್ದಾರೆ, ಕೇಳುವುದು ಅಲ್ಲಿ ಇಲ್ಲದ ತಾಯಿಯನ್ನು. ಸಿಟ್ಟು ಬಂತು.

ಮೊಬೈಲನ್ನು ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಬಂದ್ ಆಯಿತು. ಇನ್ನು ಮಕ್ಕಳು ಉಳಿದವು ಅಂತ ನಮ್ಮ ಓಣಿಯಲ್ಲಿ ಎಷ್ಟು ಜನ ಖುಷಿಪಟ್ಟರು! ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರಿಗೆ ಯೂಟ್ಯೂಬ್ ಶಾರ್ಟ್ಸ್. ಅದೇ ಹೊತ್ತಿಗೆ ಲಾಕ್‌ಡೌನ್, ಆನ್‌ಲೈನ್ ಕ್ಲಾಸು. ಬೆಟಗೇರಿಯಲ್ಲಿ ಮಗ್ಗದ ಮೇಲೆ ಬದುಕುವ ಮನೆಗಳಲ್ಲೂ ಸಾಲ ಮಾಡಿ ಫೋನ್ ಕೊಡಿಸಿದರು. ಮಗುವಿನ ಓದು ನಿಲ್ಲಬಾರದು ಅಂತ ಕೊಡಿಸಿದ್ದು. ಗಂಡ ಹೆಂಡತಿ ಇಬ್ಬರೂ ದಿನವಿಡೀ ದುಡಿಯುವ ಮನೆಯಲ್ಲಿ ಆ ಫೋನಿನಲ್ಲಿ ಏನು ಓಡುತ್ತಿದೆ ಅಂತ ಯಾರು ನೋಡಬೇಕು? ಅಂಥ ಹೆತ್ತವರನ್ನು ಬೈಯುವವರನ್ನು ಕಂಡರೆ ನನಗಾಗುವುದಿಲ್ಲ. ಹದಿಮೂರು ತುಂಬದೆ ಇನ್‌ಸ್ಟಾಗ್ರಾಂ ಖಾತೆ ತೆರೆಯಬಾರದು ಅಂತ ಆ ಕಂಪನಿಯದೇ ನಿಯಮ. ಹುಟ್ಟಿದ ವರ್ಷ ಸುಳ್ಳು ಬರೆದರೆ ಮುಗಿಯಿತು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರ ಖಾತೆಗಳನ್ನು ತಡೆಯುವ ಹೊಣೆಯನ್ನು ಕಂಪನಿಗಳ ಮೇಲೆಯೇ ಹಾಕಿದ್ದಾರೆ. ಆ ಹೊಣೆ ಅವರ ಮೇಲೆ ಇರಬೇಕಾದ್ದೇ.

ಆದರೂ ನಮ್ಮೂರಲ್ಲಿ ಈ ದೂರು ಹೊಸದಲ್ಲ. ನಮ್ಮ ಅಜ್ಜಿ ಹೇಳುತ್ತಿದ್ದದ್ದು, ಅವರ ಕಾಲದಲ್ಲಿ ಕಂಪನಿ ನಾಟಕ ನೋಡಿ ಹುಡುಗರು ಕೆಟ್ಟರಂತೆ. ಆಮೇಲೆ ಸಿನಿಮಾ, ಆಮೇಲೆ ಟಿವಿ. ಇದೇ ಗದಗಿನಲ್ಲಿ ಆಶ್ರಮದ ಗುರುಗಳಾಗಿದ್ದ, ತಾವೂ ಕಣ್ಣಿಲ್ಲದವರಾದ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿ, ಅದರ ಗಳಿಕೆಯಿಂದಲೂ ಆಶ್ರಮದ ಮಕ್ಕಳಿಗೆ ಅನ್ನ ಹಾಕಿದರು. ಕಣ್ಣಿಲ್ಲದ ಕಲಾವಿದರೇ ಬಣ್ಣ ಹಚ್ಚಿ ಪಾರ್ಟು ಮಾಡುತ್ತಿದ್ದರು. ಅವರ ಗುರು ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. ಇಬ್ಬರೂ ಈಗಿನ ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದವರು. ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಗದಗಿನ ರಸ್ತೆಗಳು ಜನರಿಂದ ತುಂಬಿಹೋಗಿದ್ದವು. ಅಂಥ ಊರಿನ ಬಸ್ ನಿಲ್ದಾಣದಲ್ಲಿ ಆಶ್ರಮದ ಹುಡುಗನೊಬ್ಬ ನೆಲ ತಡವುತ್ತಿದ್ದ. ನನಗೆ ಜಾಸ್ತಿ ನೋವಾದದ್ದು ಇದಕ್ಕೇ ಇರಬೇಕು.

ಕಂಪನಿ ನಾಟಕ ರಾತ್ರಿಯಿಡೀ ನಡೆಯುತ್ತಿತ್ತು. ಮೊದಲ ಅಂಕದಲ್ಲಿ ಖೂಳ ಯಾರನ್ನೋ ತುಳಿದು ಕೇಕೆ ಹಾಕಿ ನಗುತ್ತಾನೆ. ಜನ ಎದ್ದು ಹೋಗುವುದಿಲ್ಲ, ಕೂತೇ ಇರುತ್ತಾರೆ. ತುಳಿಸಿಕೊಂಡವನ ಮನೆ ತೋರಿಸುತ್ತಾರೆ, ಅವನ ತಾಯಿ ಅಳುವುದನ್ನು ತೋರಿಸುತ್ತಾರೆ. ಬೆಳಗಿನ ಜಾವಕ್ಕೆ ಖೂಳನ ಗತಿ ಏನಾಯಿತು ಅನ್ನೋದನ್ನೂ ತೋರಿಸಿಯೇ ಪರದೆ ಬೀಳುತ್ತಿತ್ತು. ರೀಲ್ಸಿನಲ್ಲಿ ಕೋಲು ಎತ್ತಿಡುತ್ತಾರೆ, ಕಾಣದವನು ತಡವರಿಸುತ್ತಾನೆ, ನಗು, ಮುಗಿಯಿತು. ಬೆರಳು ಮೇಲಕ್ಕೆ ಜಾರಿದರೆ ಬೇರೆ ಏನೋ. ಅವನ ಬೆರಳು ಎಷ್ಟು ಹೊತ್ತು ನಡುಗಿತು, ಬಸ್ ಸಿಕ್ಕಿತೋ ಇಲ್ಲವೋ, ಪುರಾಣದಲ್ಲಿ ಆ ಸಂಜೆ ಅವನು ಹೇಗೆ ನುಡಿಸಿದ, ಇದ್ಯಾವುದೂ ಆ ವಿಡಿಯೋದಲ್ಲಿ ಬರುವುದೇ ಇಲ್ಲ. ಆಮೇಲೆ ಏನಾಯಿತು ಅನ್ನೋದನ್ನು ಕತ್ತರಿಸಿ ಎಸೆದ ಮೇಲೆ ಉಳಿಯುವುದು ನಗು ಮಾತ್ರ.

ಟಿವಿ ಬಂದಾಗಲೂ ಇಷ್ಟು ಹದಗೆಟ್ಟಿರಲಿಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ. ನಮ್ಮ ಓಣಿಗೆಲ್ಲ ಒಂದೋ ಎರಡೋ ಟಿವಿ. ಪಡಸಾಲೆಯಲ್ಲಿ ಅಜ್ಜಿ, ಅಪ್ಪ, ಪಕ್ಕದ ಮನೆಯವರು, ನಾವು ಮಕ್ಕಳು. ಯಾರೋ ಯಾರಿಗೋ ಅನ್ಯಾಯ ಮಾಡಿದರೆ ಅಜ್ಜಿ ಸುಮ್ನೆ ಕೂಡುತ್ತಿರಲಿಲ್ಲ. "ನೋಡು, ಹಂಗ ಮಾಡಬಾರ್ದು, ಎಷ್ಟು ನೋವಾಗಿರ್ಬೇಕು ಪಾಪ" ಅಂತ ನಡುನಡುವೆ ಮಾತು ನಡೆದೇ ಇರುತ್ತಿತ್ತು. ನಮಗೆ ಆಗ ಕಿರಿಕಿರಿ. ಈಗ ಗೊತ್ತಾಗುತ್ತದೆ, ಆ ಮಾತೇ ಪಾಠವಾಗಿತ್ತು. ಫೋನನ್ನು ಮಗು ಒಂದೇ ನೋಡುತ್ತದೆ, ಕೌದಿ ಹೊದ್ದುಕೊಂಡು ನೋಡುತ್ತದೆ. ಪಕ್ಕದಲ್ಲಿ ಮಾತಾಡುವ ಅಜ್ಜಿ ಇಲ್ಲ. ಹಾಗಾಗಿ ಮಾಧ್ಯಮವೋ ಹೆತ್ತವರೋ ಅಂತ ಎರಡು ಬೇರೆ ಬೇರೆ ಕಟಕಟೆ ಹಾಕಿ ವಾದ ಮಾಡುವುದೇ ನನಗೆ ಒಪ್ಪಿಗೆಯಾಗುವುದಿಲ್ಲ. ಹೊಸ ಮಾಧ್ಯಮ ಮೊದಲು ಕಿತ್ತುಕೊಂಡಿದ್ದೇ ಹಿರಿಯರು ಕೂಡುತ್ತಿದ್ದ ಆ ಜಾಗವನ್ನು. ಹಿರಿಯರೂ ಎದ್ದು ಹೋಗಿ ತಮ್ಮ ತಮ್ಮ ಫೋನ್ ಹಿಡಿದು ಕೂತರು.

ಬಿ.ಎಡ್. ಮಾಡುವಾಗ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ಅವರ ಪ್ರಯೋಗ ಓದಿದ್ದೆ. ಈ ವಾರ ಅದು ತುಂಬಾ ನೆನಪಾಯಿತು. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 72 ಪುಟ್ಟ ಮಕ್ಕಳ ಮೇಲೆ ನಡೆದದ್ದು. ದೊಡ್ಡವರು ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹೋಗಿ ಹಾಗೇ ಹೊಡೆದರು. ಎರಡು ವರ್ಷದ ಮೇಲೆ ಫಿಲಂನಲ್ಲಿ ತೋರಿಸಿದರೂ ಅದೇ ಆಯಿತು. ಎಲ್ಲರೂ ಹೇಳುವುದು ಇಲ್ಲಿಯವರೆಗೆ. 1965ರಲ್ಲಿ ಅವರು ಇನ್ನೊಂದು ಮಾಡಿದರು. ಫಿಲಂನ ಕೊನೆಯನ್ನು ಮೂರು ಥರ ಬದಲಿಸಿದರು. ಒಂದರಲ್ಲಿ ಹೊಡೆದವನಿಗೆ ಶಿಕ್ಷೆ, ಇನ್ನೊಂದರಲ್ಲಿ ಬಹುಮಾನ, ಮತ್ತೊಂದರಲ್ಲಿ ಏನೂ ಇಲ್ಲ. ಶಿಕ್ಷೆ ನೋಡಿದ ಮಕ್ಕಳು ಕಡಿಮೆ ಹೊಡೆದರು. ಏನೂ ಆಗದ್ದನ್ನು ನೋಡಿದ ಮಕ್ಕಳು ಮಾತ್ರ ಬಹುಮಾನ ನೋಡಿದವರಷ್ಟೇ ಹೊಡೆದರು. ಅಂದರೆ ಯಾರೂ ಏನೂ ಅನ್ನದಿದ್ದರೆ ಮಕ್ಕಳಿಗೆ ಅದೇ ಒಪ್ಪಿಗೆ. ಹಾಗಂತ ಶಿಕ್ಷೆ ಕಂಡವರು ಕಲಿತಿರಲಿಲ್ಲ ಅಂತಲ್ಲ. ಆಮೇಲೆ ಜ್ಯೂಸು, ಸ್ಟಿಕರ್ ಕೊಡುತ್ತೇವೆ ಅಂದಾಗ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಸಮನಾಗಿ ಮಾಡಿ ತೋರಿಸಿದರು. ಒಳಗೆ ಹೋದದ್ದು ಒಳಗೇ ಇತ್ತು. ಲೈಕ್ ಅನ್ನೋದು ಆ ಸ್ಟಿಕರ್ ಅಲ್ವಾ?

ತಲೆಗೆ ಹಾಕಿದ ಏಟು ಶಿಕ್ಷೆ ಅಲ್ಲವೇ ಅಂತ ತಂಗಿ ಕೇಳಿದಳು. ಅಲ್ಲ. ಅದರಿಂದ ಹುಡುಗನಿಗೆ ಗೊತ್ತಾದದ್ದು ಸಿಕ್ಕಿಬೀಳಬಾರದು ಅನ್ನೋದು ಅಷ್ಟೇ. ಅವನು ಆ ಯುವಕನ ಮುಂದೆ ನಿಂತು, "ಅಣ್ಣಾ, ತಪ್ಪಾತು" ಅಂದಿದ್ದರೆ, ಅವನ ತಬಲಾ ಚೀಲ ಹೊತ್ತು ಲಕ್ಷ್ಮೇಶ್ವರದ ಬಸ್ಸಿಗೆ ಹತ್ತಿಸಿದ್ದರೆ, ವಿಡಿಯೋದಲ್ಲಿ ಇಲ್ಲದ ಭಾಗ ಅವನ ಕಣ್ಣಿಗೆ ಬೀಳುತ್ತಿತ್ತು. ಆ ಅಣ್ಣನಿಗೊಂದು ಹೆಸರಿದೆ, ಊರಿದೆ, ಆ ಕೈ ತೀನ್‌ತಾಲ ನುಡಿಸುತ್ತದೆ ಅಂತ ಗೊತ್ತಾಗುತ್ತಿತ್ತು. ಬಸ್ ಹೊರಡಲು ಇನ್ನೂ ಹೊತ್ತಿತ್ತು. ನಾನೇ ಹೋಗಿ ಅವನನ್ನು ಸೀಟಿನಲ್ಲಿ ಕೂರಿಸಿ ಬಂದೆ, ಆಮೇಲೂ ಡ್ರೈವರ್ ಆರಾಮಾಗಿ ಚಹಾ ಕುಡಿಯುತ್ತಿದ್ದರು.

ಆಫೀಸಿನ ಹಿರಿಯರು ಕೇಸ್ ಹಾಕಬೇಕಿತ್ತು ಅಂದರು. ಕಾನೂನಿದೆ, ನಿಜ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 92ನೇ ಕಲಂ ಪ್ರಕಾರ, ಅಂಗವಿಕಲರನ್ನು ಜನರೆದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡ. ಇದು ಎಷ್ಟು ಜನ ಹೆತ್ತವರಿಗೆ ಗೊತ್ತಿದೆ? ಶಾಲೆಗಳಲ್ಲಿ ಹೇಳಲೇಬೇಕು. ಆದರೆ ಒಂಬತ್ತನೆಯದೋ ಹತ್ತನೆಯದೋ ಓದುವ ಆ ಹುಡುಗನನ್ನು ಸ್ಟೇಷನ್ನಿಗೆ ಎಳೆಯುವುದು ನನಗೆ ಬೇಡ. ಅಲ್ಲೂ ಅವನು ಕೈ ಮುಗಿಯುವುದು ಪೊಲೀಸರಿಗೇ.

ಆ ತಂದೆಗೆ ಯಾರಾದರೂ ಇದನ್ನು ಮುಟ್ಟಿಸಿದರೆ ಒಳ್ಳೆಯದು. ಶ್ರಾವಣ ಮುಗಿದ ಮೇಲೆ ಆ ಯುವಕ ಆಶ್ರಮಕ್ಕೆ ವಾಪಸ್ ಬರುತ್ತಾನೆ, ಬಸ್ಸಿನಲ್ಲಿ ಅವನೇ ಹೇಳಿದ. ಅಣ್ಣಾರ, ಮಗನನ್ನು ಕರೆದುಕೊಂಡು ಒಂದು ದಿನ ಅಲ್ಲಿಗೆ ಹೋಗಿ. ಮೊದಲು ನೀವು ಮಾತಾಡಿ, ಆಮೇಲೆ ಅವನು ಮಾತಾಡಲಿ. ಇಬ್ಬರ ಮೊಬೈಲೂ ಮನೆಯಲ್ಲಿರಲಿ, ಕ್ಷಮೆ ಕೇಳಿದ್ದನ್ನು ಯಾರೂ ವಿಡಿಯೋ ಮಾಡುವುದು ಬೇಡ.