ದೇವರಾಜ ಮಾರ್ಕೆಟ್‌ನಲ್ಲಿ ಒಂದು ಥಿಯರಿ ಕ್ಲಾಸು

ನನಗೆ ಪಿಎಚ್‌.ಡಿ. ಇಲ್ಲ, ಕಾಲೇಜು ಮೇಷ್ಟ್ರಾಗಲು ಬರೆಯುವ ನೆಟ್ ಪರೀಕ್ಷೆಯ ಕಡೆ ತಲೆ ಹಾಕಿದವನೂ ಅಲ್ಲ. ಆದರೂ ಮೈಸೂರಿನ ಒಂದು ಪತ್ರಿಕೋದ್ಯಮ ವಿಭಾಗದ ಟೈಮ್‌ಟೇಬಲ್‌ನಲ್ಲಿ ನನ್ನ ಹೆಸರಿನ ಕೆಳಗೆ ವಿಸಿಟಿಂಗ್ ಪ್ರೊಫೆಸರ್ ಅಂತ ಟೈಪ್ ಮಾಡಿ ಅಂಟಿಸಿದ್ದಾರೆ. ಕನ್ನಡ ದಿನಪತ್ರಿಕೆಯ ಡೆಸ್ಕ್‌ನಲ್ಲಿ ರಾತ್ರಿ ಪಾಳಿ ಮಾಡಿಕೊಂಡೇ ತಲೆ ನರೆತವನು ನಾನು. ಈ ಸೆಮಿಸ್ಟರ್‌ಗೆ ವಾರಕ್ಕೆರಡು ದಿನ ಬಂದು ವರದಿಗಾರಿಕೆ, ಎಡಿಟಿಂಗ್ ಹೇಳಿಕೊಡಿ ಅಂದರು, ಒಪ್ಪಿಕೊಂಡೆ.

ಯುಜಿಸಿಯವರು, ಅಂದರೆ ವಿಶ್ವವಿದ್ಯಾಲಯಗಳ ನಿಯಮ ನೋಡಿಕೊಳ್ಳುವ ಆಯೋಗದವರು, 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಒಂದು ದಾರಿ ತೆರೆದಿದ್ದಾರೆ. ತನ್ನ ಕೆಲಸದಲ್ಲಿ ಕನಿಷ್ಠ 15 ವರ್ಷ ಪಳಗಿದ್ದರೆ ಸಾಕು, ಡಿಗ್ರಿ ಕಡ್ಡಾಯ ಅಲ್ಲ. ಮಂಜೂರಾದ ಹುದ್ದೆಗಳ ಶೇ. 10ಕ್ಕಿಂತ ಜಾಸ್ತಿ ಜನ ಹೀಗೆ ಬರುವಂತಿಲ್ಲ. ಮೂರು ವರ್ಷ, ತೀರಾ ಬೇಕಾದರೆ ಇನ್ನೊಂದು ವರ್ಷ, ಅಷ್ಟೇ. ನನ್ನದು ಆ ಮಟ್ಟದ್ದಲ್ಲ, ಗಂಟೆ ಲೆಕ್ಕದ್ದು. ಆದರೆ ಅದರ ಹಿಂದಿನ ನಂಬಿಕೆ ಒಂದೇ: ಹೊರಗೆ ಕೆಲಸ ಮಾಡಿದವನಿಗೆ ಒಳಗೆ ಹೇಳಲಿಕ್ಕೆ ಏನೋ ಇರುತ್ತದೆ ಅನ್ನೋದು. ಇರುತ್ತದೆ, ನಿಜ. ಆದರೆ ಅವನೊಬ್ಬನಿಂದಲೇ ಆಗುತ್ತದೆ ಅನ್ನುವುದರ ಬಗ್ಗೆ ನನಗೆ ಅನುಮಾನ.

ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವವರು ಒಬ್ಬ ಅತಿಥಿ ಉಪನ್ಯಾಸಕರು. ಅವರಿಗೆ ಪಿಎಚ್‌.ಡಿ.ಯೂ ಇದೆ, ನೆಟ್ಟೂ ಇದೆ, ಎಷ್ಟೋ ವರ್ಷದಿಂದ ಸಂವಹನ ಸಿದ್ಧಾಂತ ಪಾಠ ಮಾಡುತ್ತಿದ್ದಾರೆ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಆದೇಶ, ಸಂಬಳ ಯಾವಾಗಲೋ. ನಾನು ಪ್ರೊಫೆಸರ್! ನನಗೆ ಮುಜುಗರ, ಅವರಿಗೆ ತಮಾಷೆ. "ಬನ್ನಿ ಪ್ರೊಫೆಸರೇ, ಕಾಫಿಗೆ ಹೋಗೋಣ" ಅಂತಲೇ ಕರೆಯುತ್ತಾರೆ.

ಆ ದಿನ ಅವರ ಕ್ಲಾಸು, ನನ್ನ ಕ್ಲಾಸು ಒಂದರ ಹಿಂದೆ ಒಂದು ಇತ್ತು. ಅವರ ಪಾಠ ಅಜೆಂಡಾ ಸೆಟ್ಟಿಂಗ್, ಅಂದರೆ ಯಾವ ವಿಷಯ ಮುಖ್ಯ ಅಂತ ಜನ ಅಂದುಕೊಳ್ಳುವುದು ಪತ್ರಿಕೆ, ಟಿವಿ ಒತ್ತು ಕೊಡುವುದರ ಮೇಲೆ ನಿಂತಿದೆ ಅನ್ನೋ ಥಿಯರಿ. 1968ರ ಅಮೆರಿಕ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಚಾಪೆಲ್ ಹಿಲ್ ಅನ್ನೋ ಊರಿನಲ್ಲಿ ಮೆಕೂಂಬ್ಸ್ ಮತ್ತು ಶಾ ಅನ್ನುವ ಇಬ್ಬರು, ಯಾರಿಗೆ ಓಟು ಅಂತ ಇನ್ನೂ ತೀರ್ಮಾನ ಮಾಡದ 100 ಮತದಾರರನ್ನು ಮಾತಾಡಿಸಿದರು. ನಿಮಗೆ ಯಾವ ವಿಷಯ ಮುಖ್ಯ ಅಂತ ಕೇಳಿ, ಆ ಪಟ್ಟಿಯನ್ನು ಪತ್ರಿಕೆ, ಟಿವಿ ಒತ್ತು ಕೊಟ್ಟ ಸುದ್ದಿಗಳ ಪಕ್ಕ ಇಟ್ಟು ನೋಡಿದರು. ಎರಡೂ ಹೆಚ್ಚುಕಡಿಮೆ ಒಂದೇ. ಲೆಕ್ಕದಲ್ಲಿ 0.967 ಹೊಂದಾಣಿಕೆ, ಅಂದರೆ ಪೂರ್ತಿ ಒಂದಕ್ಕೆ ಸ್ವಲ್ಪವೇ ಕಮ್ಮಿ. 1972ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಪತ್ರಿಕೋದ್ಯಮ ಓದಿದವರೆಲ್ಲ ಬಾಯಿಪಾಠ ಮಾಡಿರುತ್ತಾರೆ. ಡೆಸ್ಕ್‌ನಲ್ಲಿ ಕೂತ ನಮಗೆ ಥಿಯರಿ ಬೇಕೇ ಇರಲಿಲ್ಲ, ನಾಳೆ ಊರು ಏನು ಮಾತಾಡಬೇಕು ಅನ್ನೋದನ್ನು ನಾವೇ ರಾತ್ರಿ ಹನ್ನೊಂದಕ್ಕೆ ನಿರ್ಧಾರ ಮಾಡುತ್ತೇವೆ ಅನ್ನೋ ಜಂಬ ಮೊದಲಿಂದಲೂ ಇತ್ತಲ್ಲ.

ಎರಡೂ ಕ್ಲಾಸು ಸೇರಿಸಿ ಹೊರಗೆ ಹೋಗೋಣ ಅಂದೆ. ವಿಸಿಟಿಂಗ್ ಆಗಿರೋದರ ಒಂದೇ ಲಾಭ ಇದು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರ ಫೈಲು ನಮ್ಮ ತಲೆ ಮೇಲಿಲ್ಲ, ಮೌಲ್ಯಮಾಪನ ಇಲ್ಲ, ಯಾರಾದರೂ ಬೇಡ ಅಂದರೂ ಹೆಚ್ಚೆಂದರೆ ಮುಂದಿನ ಸೆಮಿಸ್ಟರ್‌ಗೆ ಕರೆಯಲ್ಲ. ವಿಭಾಗದ ಮೇಡಂ ನಕ್ಕು "ಅಟೆಂಡೆನ್ಸ್ ತಗೊಂಡು ಹೋಗಿ ಸರ್" ಅಂದರು.

ದೇವರಾಜ ಮಾರ್ಕೆಟ್‌ಗೆ ಹೋದೆವು. ಒಬ್ಬೊಬ್ಬರು ಐದೈದು ಜನರನ್ನು ಕೇಳಬೇಕು: ಮೈಸೂರಿನ ದೊಡ್ಡ ಸಮಸ್ಯೆ ಯಾವುದು? ಆ ವಾರದ ಪತ್ರಿಕೆಗಳ ಮುಖಪುಟಗಳನ್ನು ಮೊದಲೇ ಪಟ್ಟಿ ಮಾಡಿಸಿದ್ದೆ. ರಾಜಕೀಯ ಜಗಳ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ದಸರಾ ತಯಾರಿ, ಆಮೇಲೆ ಅಪಘಾತ, ಕಳ್ಳತನ.

ಹುಡುಗರು ಮೊದಲು ಕುಂಕುಮದ ಅಂಗಡಿ ಮುಂದೆ ರೀಲ್ಸ್ ಮಾಡಿಕೊಂಡರು. ಅದಾದ ಮೇಲೆ ಕೆಲಸ. ಬಾಳೆಹಣ್ಣಿನ ಸಾಲಿನಲ್ಲಿ, ಹೂವಿನ ಸಾಲಿನಲ್ಲಿ ಸಿಕ್ಕ ಉತ್ತರ ಹೆಚ್ಚಾಗಿ ಒಂದೇ: ಈ ಕಟ್ಟಡ ಕೆಡವುತ್ತಾರಾ, ಉಳಿಸುತ್ತಾರಾ? 2016ರಲ್ಲಿ ಒಂದು ಭಾಗ ಕುಸಿದ ಮೇಲೆ ಅಲ್ಲಿನವರಿಗೆ ಅದೇ ಚಿಂತೆ. ನಮ್ಮ ಮುಖಪುಟದ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಕೊಳ್ಳಲಿಕ್ಕೆ ಬಂದವರು ಪಾರ್ಕಿಂಗ್ ಅಂದರು, ತರಕಾರಿ ರೇಟು ಅಂದರು, ಮಗನಿಗೆ ಕೆಲಸ ಸಿಕ್ಕಿಲ್ಲ ಅಂದರು. ವೀಳ್ಯದೆಲೆ ಮಾರುವ ಅಜ್ಜ ಒಬ್ಬರು ನಮ್ಮ ಹುಡುಗನನ್ನೇ ತಿರುಗಿ ಕೇಳಿದರಂತೆ: "ಪೇಪರಲ್ಲಿ ಬಂದಿರೋದು ಹೇಳ್ಲಾ, ನನ್ನ ಕಷ್ಟ ಹೇಳ್ಲಾ?"

ಮಾರ್ಕೆಟ್ ಪಕ್ಕದ ಚಿಕ್ಕ ಗಡಿಯಾರ ಗೋಪುರದ ಹತ್ತಿರ ನಿಂತು ಲೆಕ್ಕ ಹಾಕಿದರೆ 0.967 ಎಲ್ಲಿ ಬಂತು! ಒಬ್ಬ ಹುಡುಗ "ಸರ್, ಥಿಯರಿ ಸುಳ್ಳು" ಅಂತ ಘೋಷಣೆಯನ್ನೇ ಮಾಡಿದ. ನಾನೂ ಅಷ್ಟಕ್ಕೇ ಬಿಟ್ಟು ಒಂದು ಚೆಂದದ ಹೆಡ್ಡಿಂಗ್ ಕೊಡುತ್ತಿದ್ದೆನೇನೋ. ಅತಿಥಿ ಉಪನ್ಯಾಸಕರು ಬಿಡಲಿಲ್ಲ. ಫುಟ್‌ಪಾತಿನಲ್ಲೇ, ಆಟೋ ಹಾರ್ನ್‌ಗಳ ಮಧ್ಯೆ, ಝಕ್ಕರ್ ಅನ್ನೋರು 1978ರಲ್ಲಿ ಇದಕ್ಕೆ ಸೇರಿಸಿದ ಮಾತು ಹೇಳಿದರು. ಜನ ತಾವೇ ದಿನಾ ಅನುಭವಿಸುವ ವಿಷಯಕ್ಕೆ ಪತ್ರಿಕೆಯ ಅಜೆಂಡಾ ಅಷ್ಟಾಗಿ ತಾಗುವುದಿಲ್ಲ. ತಮ್ಮ ಕಣ್ಣಿಗೆ ಬೀಳದ ದೂರದ ವಿಷಯದಲ್ಲಿ, ವಿದೇಶಾಂಗ ನೀತಿಯಂಥದ್ದರಲ್ಲಿ, ಜಾಸ್ತಿ ತಾಗುತ್ತದೆ. ಟೊಮೆಟೊ ರೇಟು ತಿಳಿಯಲಿಕ್ಕೆ ಯಾರೂ ಸಂಪಾದಕೀಯ ಓದುವುದಿಲ್ಲ, ಅಲ್ವಾ? ಆ ಅಜ್ಜ ಕೇಳಿದ್ದೂ ಅದೇ ಪ್ರಶ್ನೆ ಅಂತ ಹುಡುಗರಿಗೆ ಆಗ ಹೊಳೆಯಿತು. ಓಟು ಹಾಕುವವರನ್ನು ಚುನಾವಣೆ ಬಗ್ಗೆ ಕೇಳುವುದೇ ಬೇರೆ, ಸಂತೆಯಲ್ಲಿ ನಿಂತವರನ್ನು ಕಷ್ಟದ ಬಗ್ಗೆ ಕೇಳುವುದೇ ಬೇರೆ ಅಂತಲೂ ಅವರು ಸೇರಿಸಿದರು.

ನನ್ನ ಪಾಲಿಗೆ ಆ ಮಧ್ಯಾಹ್ನ ತೀರ್ಮಾನವಾದದ್ದು ಇಷ್ಟು. ನಾನು ಹುಡುಗರನ್ನು ಬೀದಿಗೆ ಕರೆದುಕೊಂಡು ಹೋಗಬಲ್ಲೆ, ಪ್ರಶ್ನೆ ಕೇಳುವುದು ಹೇಳಿಕೊಡಬಲ್ಲೆ. ಸಿಕ್ಕ ಉತ್ತರವನ್ನು ಏನು ಮಾಡಬೇಕು ಅಂತ ಗೊತ್ತಿರುವವರು ಪಕ್ಕದ ಕುರ್ಚಿಯ ಅತಿಥಿ ಉಪನ್ಯಾಸಕರು. ಟಿವಿಯ ದೊಡ್ಡ ಮುಖಗಳನ್ನು ಕರೆಸಿ, ಪೇಟ ಹಾಕಿ, ಫೋಟೋ ತೆಗೆದು ಕಳಿಸುವ ವಿಭಾಗಗಳನ್ನೂ ನೋಡಿದ್ದೇನೆ. ಅಂಥ ಒಂದು ಗಂಟೆಯ ಭಾಷಣಕ್ಕೆ ಮಾಡುವ ಖರ್ಚನ್ನು ಈ ಪಕ್ಕದ ಕುರ್ಚಿಗೆ ಸರಿಯಾಗಿ ಸಂಬಳ ಕೊಡಲಿಕ್ಕೆ ಬಳಸಬಾರದಾ? (1935ರಲ್ಲಿ ಇದೇ ಊರಿನಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಪಾಠವೂ ಪ್ರಾಕ್ಟೀಸೂ ಒಬ್ಬರಲ್ಲೇ ಇದ್ದ ಕಾಲ ಅದು. ಈಗ ಅದಕ್ಕೆ ಇಬ್ಬರು ಬೇಕು.)

ವಾಪಸ್ ಬರುವಾಗ ಬಸ್ಸಿನಲ್ಲಿ ಮದ್ದೂರು ಕಡೆಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರ ಇರಲಿಲ್ಲ. "ಸಾರ್, ನಮ್ಮ ಕಡೆ ನಾಲೆಗೆ ಸರದಿ ಮೇಲೆ ಕಟ್ಟು ನೀರು ಬಿಡೋ ಟೈಮಲ್ಲಿ ಕೇಳಿದ್ರೆ ಎಲ್ಲರೂ ಕಾವೇರಿ ಅಂತಾರೆ. ನಾಲೆ ಕೊನೇ ಭಾಗದಲ್ಲಿ ಗದ್ದೆ ಒಣಗ್ತಿರುತ್ತೆ, ಪೇಪರಲ್ಲೂ ದಿನಾ ಅದೇ ಇರುತ್ತೆ. ಎರಡೂ ಹೊಂದುತ್ತೆ. ಅವಾಗ ಪೇಪರು ಜನಕ್ಕೆ ಹೇಳಿಕೊಡ್ತಾ, ಜನ ಪೇಪರಿಗಾ?"

ಅತಿಥಿ ಉಪನ್ಯಾಸಕರು ಡೈರಿ ತೆಗೆದು ಬರೆದುಕೊಂಡರು. ಮುಂದಿನ ಸಲ ನೀರು ಬಿಟ್ಟಾಗ ಮದ್ದೂರಿಗೆ ಹೋಗೋದು ಅಂತ ಆಗಿದೆ. ವಾಹನಕ್ಕೆ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಎರಡು ಸಹಿ ಬಾಕಿ.