ಐಸಿಯು ಹೊರಗೆ ಕೇಳಿದ ಪ್ರಶ್ನೆ

ಮಡಿಕೇರಿಯಲ್ಲಿ ಬೆಳಗ್ಗೆಯಿಂದ ಮಳೆ. ಐಸಿಯು ಹೊರಗೆ ಡಾಕ್ಟರ್ ಅತ್ತೆಯನ್ನು ಕೇಳಿದರು, "ದಿನಾ ಎಷ್ಟು ಕುಡೀತಾರೆ?"

"ಚಳಿಗೆ ಸ್ವಲ್ಪ, ಡಾಕ್ಟ್ರೇ."

ಮಾವನಿಗೆ ನ್ಯುಮೋನಿಯಾ, ಎರಡೂ ಶ್ವಾಸಕೋಶಕ್ಕೆ. ಒಳಗೆ ಹೋದೆ. ಆಕ್ಸಿಜನ್ ಮಾಸ್ಕ್ ಹಾಕಿಕೊಂಡೇ ಬೆಡ್‌ಶೀಟಿನಿಂದ ಏನನ್ನೋ ಕೀಳುತ್ತಿದ್ದರು. ಎರಡೇ ಬೆರಳಲ್ಲಿ, ಒಂದೊಂದಾಗಿ, ಕಾಫಿ ಹಣ್ಣು ಬಿಡಿಸುವ ಹಾಗೆ. ನರ್ಸ್ ಕೈ ಹಿಡಿದು ಕೆಳಗಿಟ್ಟರೆ ಮತ್ತೆ ಶುರು.

ಜ್ವರ ತಲೆಗೇರಿದೆ ಅಂತ ಅತ್ತೆ. ಇರಬಹುದು, ಆದರೆ ಅದೊಂದೇ ಅಲ್ಲ. ದಿನಾ ಜಾಸ್ತಿ ಕುಡಿಯುವವರು ಆಸ್ಪತ್ರೆ ಸೇರಿ ಕುಡಿತ ಏಕಾಏಕಿ ನಿಂತುಹೋದರೆ, 2-3 ದಿನದಲ್ಲಿ ನಡುಕ, ಗಲಿಬಿಲಿ, ಇಲ್ಲದ್ದು ಕಾಣುವುದು ಶುರುವಾಗಬಹುದು. ಎಷ್ಟು ಕುಡಿಯುತ್ತಾರೆ ಅಂತ ಗೊತ್ತಿದ್ದರೆ ಅದಕ್ಕೆ ಔಷಧಿ, ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಬೇಗ ಕೊಡಬಹುದು.

ಶ್ವಾಸಕೋಶಕ್ಕೂ ಕುಡಿತದ್ದೇ ಏಟು. ಕುಡಿದು ಮಲಗಿದಾಗ ಬರಬೇಕಾದ ಕೆಮ್ಮು ಸರಿಯಾಗಿ ಬರುವುದಿಲ್ಲ. ಜೊಲ್ಲು, ವಾಂತಿ ಸುಮ್ನೆ ಒಳಗೆ ಜಾರುತ್ತದೆ. ರೋಗಾಣು ತಡೆಯುವ ಜೀವಕೋಶಗಳೂ ಮಂದ.

ಚಳಿಗೆ ಒಂದು ಪೆಗ್ ಅನ್ನೋದು ನಮ್ಮ ಕಡೆ ಔಷಧಿ ಲೆಕ್ಕದಲ್ಲೇ ಇದೆ, ಅಲ್ವಾ? ಚರ್ಮ ಬೆಚ್ಚಗಾಗುವುದು ನಿಜ. ಆದರೆ ಹಾಗೇ ಮೈಯ ಶಾಖ ಹೊರಗೆ ಹೋಗುತ್ತದೆ.

ಅತ್ತೆಗೆ ಮರ್ಯಾದೆ ಪ್ರಶ್ನೆ. ನೆಂಟರು ಬೇರೆ ಸುತ್ತ ನಿಂತಿದ್ದರು. ಅವರನ್ನೆಲ್ಲ ಕಾಫಿಗೆ ಕಳಿಸಿದೆ. ಆಮೇಲೆ ಅತ್ತೆ ತಾವೇ ಡಾಕ್ಟರ್ ಹತ್ತಿರ ಹೋದರು. "ದಿನಾ ಅರ್ಧ ಬಾಟಲಿ. ಮಳೆಗಾಲದಲ್ಲಿ ಇನ್ನೂ ಜಾಸ್ತಿ."

ಡಾಕ್ಟರ್ ಬೈಯಲಿಲ್ಲ. ಬರೆದುಕೊಂಡು, "ಕಡೇ ಸಲ ಕುಡಿದಿದ್ದು ಯಾವತ್ತು?" ಅಂದರು.